ಸೌಟು ಯಾರ ಸರದಿ?

ರಾಮನವಮಿಯ ಹೊತ್ತಿಗೆ ಬೆಂಗಳೂರಿನ ಬಿಸಿಲು ಬಲಿತಿರುತ್ತದೆ. ದೇವಸ್ಥಾನದ ಮುಂದೊಂದು, ಬಡಾವಣೆಯ ತಿರುವಿನಲ್ಲೊಂದು ಶಾಮಿಯಾನ ಏಳುತ್ತದೆ. ಡ್ರಮ್ಮಿನಲ್ಲಿ ಬೆಲ್ಲದ ಪಾನಕ, ದೊಡ್ಡ ಪಾತ್ರೆಯಲ್ಲಿ ಇಂಗು ಕರಿಬೇವಿನ ನೀರುಮಜ್ಜಿಗೆ, ಬೇಸಿನ್ನಿನ ತುಂಬ ಹೆಸರುಬೇಳೆ ಕೋಸಂಬರಿ. ಬೆಲ್ಲ ಕರಗಿಸಿ ಸೋಸುವುದು, ಏಲಕ್ಕಿ ಮೆಣಸು ಕುಟ್ಟುವುದು, ಸೌತೆಕಾಯಿ ಕೊಚ್ಚುವುದು ದೊಡ್ಡವರ ಪಾಲು. ಹಂಚುವುದು ಶುರುವಾದ ಮೇಲೆ ಆಳ್ವಿಕೆಯೆಲ್ಲ ಮಕ್ಕಳದು. ಅವತ್ತು ನಾನು ಬೇಕೆಂದೇ ಬಳಸುದಾರಿ ಹಿಡಿಯುತ್ತೇನೆ. ಒಂದು ಕಡೆಯ ಪಾನಕದಲ್ಲಿ ಶುಂಠಿ ಮುಂದು, ಇನ್ನೊಂದು ಕಡೆ ನಿಂಬೆ, ಮತ್ತೊಂದು ಕಡೆ ಕರಬೂಜದ ತಿರುಳು. ಆದರೂ ನನ್ನನ್ನು ಹಿಡಿದು ನಿಲ್ಲಿಸುವುದು ಮಕ್ಕಳ ಗಲಾಟೆಯೇ.

“ಅಂಕಲ್, ನಿಲ್ಸಿ ನಿಲ್ಸಿ, ಪಾನಕ ಕುಡ್ಕೊಂಡ್ ಹೋಗಿ!” ಎಂದು ಒಬ್ಬ ಸ್ಕೂಟರಿಗೆ ಕೈ ಅಡ್ಡ ಹಿಡಿಯುತ್ತಾನೆ. ಸಿಗ್ನಲ್ಲು ಹಸಿರಾಗುವುದರೊಳಗೆ ಬಸ್ಸಿನ ಕಿಟಕಿಗಳಿಗೆ ಎಷ್ಟು ಲೋಟ ಏರಿಸಬಹುದೆಂದು ಇನ್ನಿಬ್ಬರ ಪಂದ್ಯ. ಕೈ ಎಟುಕದ ತಂಗಿಯನ್ನು ಅಣ್ಣ ಸೊಂಟ ಹಿಡಿದು ಎತ್ತುತ್ತಾನೆ. ಕಂಡಕ್ಟರು ಬಗ್ಗಿ ಲೋಟ ತೆಗೆದುಕೊಳ್ಳುತ್ತಾರೆ. ಎಲ್ಲರ ಅಂಗಿಯೂ ಅಂಟಂಟು. ಕುಡಿಯುವವರ ಹೆಸರು, ಜಾತಿ, ದೇವರು ಯಾವುದನ್ನೂ ಯಾರೂ ಕೇಳುವುದಿಲ್ಲ.

ಇದಕ್ಕೆ ದಾನ ಎಂಬ ದೊಡ್ಡ ಹೆಸರನ್ನು ಆ ಮಕ್ಕಳು ಇಟ್ಟುಕೊಂಡಿಲ್ಲ. ಅವರಿಗೆ ಇದು ಆಟ. ಆಟವೆಂದ ಮೇಲೆ ಸರದಿ ಇದ್ದೇ ಇರುತ್ತದೆ. ಸೌಟಿಗಾಗಿ ಜಗಳ, “ನಿಂದಾಯ್ತು, ಈಗ ನಂದು” ಎಂಬ ತಕರಾರು, ಸೌಟು ಬಿಟ್ಟುಕೊಟ್ಟವನು ಮೇಜಿನ ಆಚೆ ಬಂದು ತಾನೂ ಲೋಟ ಒಡ್ಡುವುದು. ನನಗೆ ಅಮೂಲ್ಯವಾಗಿ ಕಾಣುವುದು ಈ ಆಚೀಚೆಯ ಓಡಾಟ. ದೊಡ್ಡವರ ದಾನದಲ್ಲಿ ಕೊಡುವವರು ಕೊಡುವವರಾಗಿಯೇ ಉಳಿದುಬಿಡುತ್ತಾರೆ. ಅವರ ಹೆಸರು ಕಲ್ಲಿನ ಮೇಲೆ ಕೂರುತ್ತದೆ. ಕುಂಟೆಬಿಲ್ಲೆಯಲ್ಲಿ ಹಾಗೆ ಯಾರೂ ಒಂದೇ ಮನೆಯಲ್ಲಿ ನಿಂತುಬಿಡಲಾಗದು. ಕೊಡುವುದನ್ನು ಆಟದಲ್ಲಿ ಕಲಿತ ಮಗು ತೆಗೆದುಕೊಳ್ಳುವುದನ್ನೂ ಅದೇ ಉಸಿರಿನಲ್ಲಿ ಕಲಿಯುತ್ತದೆ.

ಸಂಕ್ರಾಂತಿಯ ಎಳ್ಳು ಬೀರುವುದರಲ್ಲೂ ಇದೇ ಇದೆ. ಲಂಗ ಉಟ್ಟ ಹುಡುಗಿಯರು ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆಯ ಪೊಟ್ಟಣ ಹೊತ್ತು ಹೊರಡುತ್ತಾರೆ, ಜೊತೆಗೆ ಸಕ್ಕರೆ ಅಚ್ಚು, ಕಬ್ಬಿನ ತುಂಡು. ಕೊಟ್ಟ ಮನೆಯಲ್ಲೆಲ್ಲ ಆ ಮನೆಯವರದೂ ಒಂದು ಪಾಲು ಸಿಗುವುದರಿಂದ ಚೀಲ ಹಗುರವಾಗುವುದೇ ಇಲ್ಲ. ಹಿಂದಿನ ದಿನ ಅಮ್ಮಂದಿರು ಬರೆಯುವ ಮನೆಗಳ ಪಟ್ಟಿ ಮಾತ್ರ ನನಗೆ ಸಾಲದು. ನೆಂಟರು, ಗೆಳತಿಯರು, ಎದುರು ಮನೆ, ಅಷ್ಟಕ್ಕೇ ಮುಗಿಯುತ್ತದೆ. ಆ ಪಟ್ಟಿ ಬರೆಯುವ ಕೆಲಸವನ್ನೇ ಮಕ್ಕಳಿಗೆ ಬಿಡಬೇಕು. ಇಸ್ತ್ರಿ ಗಾಡಿಯ ಅಜ್ಜ, ಕಸದ ಆಟೋದ ಅಕ್ಕ, ಕಟ್ಟುತ್ತಿರುವ ಕಟ್ಟಡದ ಶೆಡ್ಡಿನಲ್ಲಿರುವ ತಮ್ಮದೇ ವಯಸ್ಸಿನ ಹುಡುಗಿ, ಇವರೆಲ್ಲ ಮಕ್ಕಳಿಗೆ ನಮಗಿಂತ ಮೊದಲು ನೆನಪಾಗುತ್ತಾರೆ.

ದೂರದ ಫಿಲಡೆಲ್ಫಿಯಾದಲ್ಲಿ ಹೀಗೆ ಆಟವೊಂದರ ಪಟ್ಟಿ ಹಿಗ್ಗಿದ ಕಥೆ ನನಗೆ ಬಹಳ ಪ್ರಿಯ. ಅಮೆರಿಕದ ಮಕ್ಕಳು ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆ ವೇಷ ತೊಟ್ಟು ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ಅಲ್ಲಿನ ಪ್ರೆಸ್ಬಿಟೇರಿಯನ್ ಪಾದ್ರಿ ಕ್ಲೈಡ್ ಆಲಿಸನ್ ಅವರ ಹೆಂಡತಿ ಮೇರಿ ಎಮ್ಮಾ 1949ರಲ್ಲಿ ಒಂದು ದಿನ ವೇಷದ ಮಕ್ಕಳ ಮೆರವಣಿಗೆಯ ಹಿಂದೆ ನಡೆದು ದೊಡ್ಡ ಅಂಗಡಿಯೊಂದನ್ನು ಹೊಕ್ಕರು. ಒಳಗೆ ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ನ ಮಳಿಗೆ; ಬೇರೆ ದೇಶದ ಮಕ್ಕಳಿಗೆ ಹಾಲಿನ ಪುಡಿ ಕಳಿಸಲು ಹಣ ಕೂಡಿಸುತ್ತಿದ್ದರು. ಮರುವರ್ಷದ ಹ್ಯಾಲೋವೀನ್‌ಗೆ ಆಲಿಸನ್ ದಂಪತಿಯ ಮಕ್ಕಳೂ ನೆರೆಯ ಮಕ್ಕಳೂ ಹಾಲಿನ ಖಾಲಿ ಡಬ್ಬಿಗಳಿಗೆ ಬಣ್ಣ ಹಚ್ಚಿ ಹೊರಟರು. ಕೂಡಿದ್ದು 17 ಡಾಲರ್. ವೇಷ, ಕತ್ತಲು, ಬಾಗಿಲು ತಟ್ಟುವ ಪುಳಕ ಯಾವುದನ್ನೂ ಮಕ್ಕಳಿಂದ ಕಸಿಯಲಿಲ್ಲ. ಕೇಳುತ್ತಿದ್ದುದು ಯಾರಿಗಾಗಿ ಎಂಬುದೊಂದೇ ಬದಲಾಯಿತು. ಆ ಡಬ್ಬಿ ದೇಶದ ತುಂಬ ಹಬ್ಬಿ, ಮುಂದಿನ ದಶಕಗಳಲ್ಲಿ ಕೋಟ್ಯಂತರ ಡಾಲರ್ ತಂದಿತು.

ಇಂಥದ್ದನ್ನು ಶಾಲೆ, ಮಠ, ಚರ್ಚು, ಮದರಸಾಗಳಲ್ಲಿ ನಡೆಸುವವರಲ್ಲಿ ನನ್ನದೊಂದು ಬಿನ್ನಹ: ಹೆಚ್ಚು ಕೂಡಿಸಿದವರಿಗೆ ಬಹುಮಾನ ಬೇಡ. ಬಹುಮಾನ ಬಂದ ಗಳಿಗೆಯಲ್ಲೇ ಅಪ್ಪನ ಜೇಬು ಆಟಕ್ಕಿಳಿಯುತ್ತದೆ, ಬಡವರ ಮಗು ಅಂಗಳದ ಅಂಚಿಗೆ ಸರಿಯುತ್ತದೆ. ಪಾನಕದ ಸೌಟಿನ ಮುಂದೆ ಆ ಭಯವಿಲ್ಲ, ಅಲ್ಲಿ ಬೇಕಾದದ್ದು ಕೈಕಾಲು ಮಾತ್ರ.

ಹಲಸೂರು ಕೆರೆಯ ಬಳಿಯ ಗುರುದ್ವಾರದ ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಬಡಿಸುವ ಸಾಮೂಹಿಕ ಊಟದಲ್ಲಿ, ಒಮ್ಮೆ ರೊಟ್ಟಿಯ ಬುಟ್ಟಿ ಹೊತ್ತ ಪುಟ್ಟ ಸರ್ದಾರ ಸಾಲಿನುದ್ದಕ್ಕೂ ಹೆಚ್ಚುಕಡಿಮೆ ಓಡುತ್ತಲೇ ಬಂದ. ನಾನು ಒಂದೇ ಕೈ ನೀಡಿದೆ. ಅವನು ನಿಂತು, ತನ್ನ ಎರಡೂ ಅಂಗೈ ಜೋಡಿಸಿ ತೋರಿಸಿದ; ಹಾಗೆ ಒಡ್ಡಿದ ಮೇಲೆಯೇ ರೊಟ್ಟಿ ಬಿತ್ತು. ಸಾಲು ಮುಗಿದಾಗ ಬುಟ್ಟಿಯನ್ನು ಇನ್ನೊಬ್ಬ ಹುಡುಗನಿಗೆ ದಾಟಿಸಿ ನಮ್ಮ ಪಂಕ್ತಿಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ತಟ್ಟೆಗೆ ದಾಲ್ ಬಿತ್ತು. ಈಗ ಅವನ ಎರಡು ಅಂಗೈ ಮೇಲೆ ಬಂದವು, “ಇನ್ನೊಂದು ಕೊಡು” ಎನ್ನುವಂತೆ ಬೆರಳೂ ಆಡಿತು.