ಮಲ್ಲಿಪಟ್ಟಣದಿಂದ ಬಾಡಿಗೆ ಕಟ್ಟಡ ನೋಡಲು ಹೊರಟು...

ನಮ್ಮ ಮಲ್ಲಿಪಟ್ಟಣ ಅರಕಲಗೂಡು ತಾಲ್ಲೂಕಿನ ಒಂದು ಹೋಬಳಿ ಊರು. ಇಲ್ಲಿ ಕೈಗೆ ನಾಲ್ಕು ಕಾಸು ಸೇರಿತೆಂದರೆ ಒಂದೋ ಒಡವೆಯಾಗುತ್ತದೆ, ಇಲ್ಲವೇ ಜಮೀನಾಗುತ್ತದೆ. ಈಚೆಗೆ ಮೂರನೆಯ ಆಸೆಯೊಂದು ಸೇರಿಕೊಂಡಿದೆ. ಪೇಟೆಯಲ್ಲಿ ನಾಲ್ಕು ಮನೆಗಳಿರುವ ಕಟ್ಟಡ ಕೊಂಡರೆ ತಿಂಗಳು ತಿಂಗಳು ಬಾಡಿಗೆ ಬರುತ್ತದಲ್ಲ! ನಮ್ಮನೆಯಲ್ಲೂ ಈ ಮಾತು ಬಂತು. ಶುಂಠಿಯ ಹಣ, ನನ್ನ ಒಡವೆ, ಮಿಕ್ಕದ್ದಕ್ಕೆ ಬ್ಯಾಂಕ್ ಸಾಲ ಎಂದು ಲೆಕ್ಕ. ಒಡವೆ ನನ್ನದು ತಾನೆ, ನೋಡೋದಕ್ಕೆ ನಾನೂ ಬರ್ತೀನಿ ಅಂತ ಯಜಮಾನರ ಜೊತೆ ಹೊರಟೆ.

ಮೊದಲು ಅರಕಲಗೂಡು. ತಾಲ್ಲೂಕು ಕಚೇರಿ, ಶಾಲೆ, ಬ್ಯಾಂಕುಗಳ ನೌಕರರೇ ಇಲ್ಲಿನ ಬಾಡಿಗೆದಾರರು. ಬಾಡಿಗೆ ಕಡಿಮೆ, ಆದರೆ ಬಂದವರು ವರ್ಗವಾಗುವವರೆಗೂ ಕದಲುವುದಿಲ್ಲ. ಹೇಮಾವತಿಯ ದಡದ ಹೊಳೆನರಸೀಪುರದಲ್ಲಿ ನರಸಿಂಹಸ್ವಾಮಿಯ ದರ್ಶನ ಮಾಡಿಕೊಂಡು ಎರಡು ಕಟ್ಟಡ ನೋಡಿದೆವು. ಚನ್ನರಾಯಪಟ್ಟಣದಲ್ಲಿ ಬೆಲೆ ಏರಿದೆ. ಬೆಂಗಳೂರು ಹೆದ್ದಾರಿ ಮೊದಲೇ ಇತ್ತು, 2017ರಲ್ಲಿ ಬೆಂಗಳೂರಿನ ನೇರ ರೈಲೂ ಬಂತು.

ಹಾಸನದ ಮಾತೇ ಬೇರೆ. 1960ರ ಮಲೆನಾಡು ಎಂಜಿನಿಯರಿಂಗ್ ಕಾಲೇಜು, 2006ರಲ್ಲಿ ಬಂದ ಸರ್ಕಾರಿ ವೈದ್ಯಕೀಯ ಕಾಲೇಜು. ವಿದ್ಯಾರ್ಥಿಗಳು, ನರ್ಸುಗಳು ಮನೆ ಹುಡುಕುತ್ತಲೇ ಇರುತ್ತಾರೆ. ಅಲ್ಲಿ ದಲ್ಲಾಳಿ ತೋರಿಸಿದ ನಾಲ್ಕು ಮನೆಯ ಕಟ್ಟಡಕ್ಕೆ 60 ಲಕ್ಷ. ಒಂದೊಂದು ಮನೆಗೆ 7,000 ಬಾಡಿಗೆ, ತಿಂಗಳಿಗೆ 28,000 ಅಂದರು. ಯಜಮಾನರ ಮುಖ ಅರಳಿತು.

ನಾನು ಮಹಡಿ ಹತ್ತಿ ಅಲ್ಲಿನ ಹೆಂಗಸರನ್ನು ಮಾತಾಡಿಸಿದೆ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಮಳೆಗೆ ತಾರಸಿ ಸೋರುತ್ತಾ ಎಂದು ಕೇಳುತ್ತಿರುವಾಗ ಒಬ್ಬಾಕೆ, "ನಮ್ಮದು ಬಾಡಿಗೆ ಅಲ್ಲ ಅಕ್ಕಾ, ಭೋಗ್ಯ. ಪಕ್ಕದ ಮನೆಯವರದ್ದೂ ಹಾಗೇ. ಐದೈದು ಲಕ್ಷ ಕೊಟ್ಟಿದ್ದೀವಿ" ಅಂದರು. ಅಂದಮೇಲೆ ಕೈಗೆ ಬರುವ ಬಾಡಿಗೆ ಬರೀ 14,000! ಮೇಲಾಗಿ ಅವರು ಬಿಡುವಾಗ ಆ ಹತ್ತು ಲಕ್ಷ ಕೊಂಡವರ ತಲೆಗೇ ಬರುತ್ತದೆ.

ಇನ್ನು ಸಾಲದ ಲೆಕ್ಕ ನೋಡಿ. 40 ಲಕ್ಷವನ್ನು ಶೇಕಡ 9ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 36,000. ನಾಲ್ಕೂ ಮನೆಗೆ ಬಾಡಿಗೆ ಬಂದರೂ ಎಂಟು ಸಾವಿರ ಕೈಯಿಂದ ಹಾಕಬೇಕು. ಕಂದಾಯ, ಸುಣ್ಣಬಣ್ಣ, ಸುಟ್ಟುಹೋದ ಮೋಟಾರು, ಖಾಲಿ ಬಿದ್ದ ತಿಂಗಳು ಬೇರೆ. ಮುದ್ರಾಂಕ ಶುಲ್ಕ ಶೇಕಡ 5. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡ 2. ಇವೆರಡಕ್ಕೇ 4 ಲಕ್ಷ 20 ಸಾವಿರ!

ಕಾಗದಪತ್ರವನ್ನು ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ. ಹಿಂದಿನ ಕ್ರಯಪತ್ರಗಳು, ಋಣಭಾರ ಪತ್ರ, ಇ-ಖಾತೆ, ಭೂಪರಿವರ್ತನೆ ಆದೇಶ, ಮಂಜೂರಾದ ನಕ್ಷೆ ಇಷ್ಟೂ ಬೇಕು. ಪಿತ್ರಾರ್ಜಿತ ಆಸ್ತಿಯಾದರೆ ಆ ಮನೆಯ ಹೆಣ್ಣುಮಕ್ಕಳ ಸಹಿಯೂ ಇರಬೇಕು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದಲ್ಲಿ ಅವರಿಗೂ ಗಂಡುಮಕ್ಕಳಷ್ಟೇ ಪಾಲುಂಟು. ಅವರನ್ನು ಬಿಟ್ಟು ಬರೆಸಿಕೊಂಡರೆ ನಾಳೆ ಕೋರ್ಟು ತಪ್ಪಿದ್ದಲ್ಲ.

ಹಾಸನದ ಕಟ್ಟಡ ನಾವು ಬಿಟ್ಟೆವು. ಅರಕಲಗೂಡಿನಲ್ಲಿ ಎರಡೇ ಮನೆಯ ಚಿಕ್ಕ ಕಟ್ಟಡವೊಂದಿದೆ. ಅದಕ್ಕೆ ಶುಂಠಿಯ ಹಣದ ಮೇಲೆ ಸ್ವಲ್ಪವೇ ಸಾಲ ಸಾಕು. ಅದರ ಕಾಗದ ಈಗ ವಕೀಲರ ಕೈಯಲ್ಲಿದೆ.

ಸೋದರಿಯರೇ, ನಿಮ್ಮ ಮನೆಯಲ್ಲೂ ಈ ಮಾತು ಬಂದರೆ ಅಡಿಗೆಮನೆಯಲ್ಲೇ ಉಳಿಯಬೇಡಿ. ನೀವೂ ಹೋಗಿ, ನಲ್ಲಿ ತಿರುಗಿಸಿ ನೋಡಿ, ಅಲ್ಲಿರುವ ಹೆಂಗಸರನ್ನು ಮಾತಾಡಿಸಿ. ಒಡವೆ ನಿಮ್ಮದು ಹೋಗುವುದಾದರೆ ಕ್ರಯಪತ್ರದಲ್ಲಿ ನಿಮ್ಮ ಹೆಸರೂ ಇರಲಿ. ಹಾಗೆ ಕೇಳುವುದು ಜಗಳವಲ್ಲ, ಜಾಣತನ.