ನಾನೂರು ರೂಪಾಯಿಯ ಹಲಗೆ

ಕ್ಯಾಮೆರಾದ ಬೆನ್ನಿಗಿರುವ ಪರದೆ ಮೂರು ಇಂಚಿನದು. ಅದರ ಮುಂದೆ ಒಬ್ಬರಿಗಷ್ಟೇ ಜಾಗ. ಆ ಒಬ್ಬರು ಯಾವಾಗಲೂ ಫೋಟೋ ತೆಗೆಯುವವರೇ.

ಧಾರವಾಡದ ನಮ್ಮ ಓಣಿಯಲ್ಲಿ ಅಕ್ಕಾರೊಬ್ಬರ ಬಳಿ ಅವರ ತಾಯಿ ಕಸೂತಿ ಹಾಕಿದ ಇಳಕಲ್ ಸೀರೆಯಿದೆ. ಮಡಿಕೆಗಳಲ್ಲಿ ಬಟ್ಟೆ ಹಿಂಜಿದೆ, ಬಿಚ್ಚಿದಾಗಲೆಲ್ಲ ಒಂದೆರಡು ಎಳೆ ಹರಿಯುತ್ತವೆ. ಅದರ ಗೋಪುರ, ತೇರು, ಆನೆಗಳನ್ನು ಫೋಟೋದಲ್ಲಿ ಉಳಿಸಿಕೊಳ್ಳಬೇಕು, ಸೀರೆಯನ್ನು ಒಂದೇ ಸಲ ಬಿಚ್ಚಬೇಕು. ಕಸೂತಿಯನ್ನು ಗೆರೆ ಬರೆದುಕೊಂಡು ಹಾಕುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಹಾಗಾಗಿ ಫೋಟೋದಲ್ಲೂ ಎಳೆ ಎಣಿಸಲು ಬರಬೇಕು. ಇಲ್ಲವಾದರೆ ಅದನ್ನು ನೋಡಿಕೊಂಡು ಯಾರೂ ಮತ್ತೆ ಹೊಲಿಯಲಾರರು. ಮೂರಿಂಚಿನಲ್ಲಿ ಇದು ತಿಳಿಯುವುದಿಲ್ಲ.

ಕ್ಯಾಮೆರಾವನ್ನು ಯುಎಸ್‌ಬಿ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿದರೆ ತೆಗೆದ ಚಿತ್ರ ಕೂಡಲೇ ದೊಡ್ಡ ಪರದೆಗೆ ಬರುತ್ತದೆ. ಟೆದರ್ಡ್ ಶೂಟಿಂಗ್ ಎಂದರೆ ಇಷ್ಟೇ. ಡಿಜಿಕ್ಯಾಮ್‌ಕಂಟ್ರೋಲ್‌ನಂಥ ಉಚಿತ ತಂತ್ರಾಂಶ ಸಾಕು. ಲ್ಯಾಪ್‌ಟಾಪ್ ಇಡುವುದೆಲ್ಲಿ ಎಂಬುದೇ ತೊಡಕು. ನೆಲದ ತುಂಬ ಸೀರೆ ಹಾಸಿರುತ್ತದೆ. ಇದಕ್ಕೆಂದೇ ಸಿಗುವ ಟ್ರೇಗಳಿಗೆ ಸಾವಿರಗಟ್ಟಲೆ ಕೊಡಬೇಕು.

ಬಡಿಗೇರ ಅಂಗಡಿಯಲ್ಲಿ ಉಳಿದಿದ್ದ 12 ಮಿಲಿಮೀಟರ್ ಪ್ಲೈವುಡ್ ತುಂಡನ್ನು 16 ಇಂಚು ಉದ್ದ, 12 ಇಂಚು ಅಗಲಕ್ಕೆ ಕೊಯ್ಯಿಸಿದೆ. ನನ್ನ ಹಳೆಯ ಟ್ರೈಪಾಡಿನ ತಲೆ ಬಿಚ್ಚಿದರೆ 3/8 ಇಂಚಿನ ಸ್ಕ್ರೂ ಕಾಣುತ್ತದೆ. ಹಲಗೆಯ ನಡುವೆ ತೂತು ಕೊರೆದು ಅದೇ ಅಳತೆಯ ಟಿ-ನಟ್ಟನ್ನು ಮೇಲಿನಿಂದ ಬಡಿದು ಕೂರಿಸಿದೆ. ಕೆಳಗಿನಿಂದ ಬಿಗಿದಷ್ಟೂ ಅದು ಮರವನ್ನು ಕಚ್ಚುತ್ತದೆ. ಲ್ಯಾಪ್‌ಟಾಪಿನ ಅಡಿ ಗಾಳಿ ಆಡಲೆಂದು ಎರಡು ಮರದ ಪಟ್ಟಿ, ಅವುಗಳ ಮೇಲೆ ಜಾರದಂತೆ ರಬ್ಬರು, ಮುಂದೆ ತಡೆಗೊಂದು ಅಂಚು, ಸುತ್ತ ಇಲಾಸ್ಟಿಕ್. ಕೇಬಲ್ಲನ್ನು ಮೊದಲು ಹಲಗೆಗೆ ಕಟ್ಟಿ ಆಮೇಲೆ ಲ್ಯಾಪ್‌ಟಾಪಿಗೆ ಚುಚ್ಚಿದೆ. ಯಾರಾದರೂ ಎಡವಿದರೆ ಜಗ್ಗುವುದು ಹಲಗೆಯನ್ನು, ಪೋರ್ಟನ್ನಲ್ಲ. ಟ್ರೈಪಾಡ್ ಮಗುಚದಿರಲು ನಡುಗಂಬಕ್ಕೆ ಉಸುಕಿನ ಚೀಲ. ಎಲ್ಲ ಸೇರಿ ನಾನೂರು ರೂಪಾಯಿ.

ಮೊದಲ ಚಿತ್ರ ಬಂದೊಡನೆ ಹಲಗೆಯನ್ನು ಅಕ್ಕಾರ ಕಡೆಗೆ ತಿರುಗಿಸಿದೆ. ಅವರು ಚಾಳೀಸು ಏರಿಸಿಕೊಂಡು ಪರದೆಯ ಹತ್ತಿರ ಬೆರಳು ಹಿಡಿದು ಎಳೆ ಎಣಿಸತೊಡಗಿದರು. ಗೋಪುರದ ತುದಿ ಮುಟ್ಟಿದ ಮೇಲೆ ಕೇಳಿದರು: "ತಮ್ಮಾ, ಮುಂದಿಂದಷ್ಟ ತಗದ್ರ ಹ್ಯಾಂಗ? ಹೊಳ್ಳಿಸಿ ಹಾಕಿ ತಗಿ. ಕೈ ಎಂಥಾದ್ದು ಅಂತ ಗೊತ್ತಾಗೂದು ಹಿಂದ."

"ಹರೀತದಲ್ರೀ ಅಕ್ಕಾರ?"

"ಹರದ್ರ ಒಂದ್ ಎಳಿ ಹರೀತದ."

ಗವಂತಿ, ಮುರಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ಥರ ಕಾಣುತ್ತವೆ. ಗಂಟು ಹಾಕುವುದಿಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸುತ್ತಾರೆ. ಹಿಂಬದಿಯ ಚಿತ್ರವನ್ನು ದೊಡ್ಡದು ಮಾಡಿದಾಗ ಅಕ್ಕಾರ ಬೆರಳು ಒಂದು ಕಡೆ ನಿಂತಿತು. ಅಲ್ಲಿ ಹೊಲಿಗೆ ಕೂದಲೆಳೆಯಷ್ಟು ದಪ್ಪಗಿತ್ತು. "ಇಲ್ಲಿ ನಮ್ಮವ್ವನ ದಾರ ಮುಗದಿತ್ತು ನೋಡು" ಎಂದರು. ಆ ಸೀರೆ ಎಷ್ಟೋ ವರ್ಷ ಅವರದೇ ಟ್ರಂಕಿನಲ್ಲಿತ್ತು. ಆ ಜಾಗ ಅವರಿಗೆ ಕಂಡದ್ದು ಅಂದೇ.

ಯಾವ ಚಿತ್ರ ಇರಲಿ, ಯಾವುದನ್ನು ಮತ್ತೆ ತೆಗೆಯಬೇಕು ಎಂದು ಆ ಮಧ್ಯಾಹ್ನವೆಲ್ಲ ಹೇಳಿದವರು ಅವರು. ನಾನು ಬಟನ್ ಒತ್ತಿದೆ.