ಹದಿನೇಳನೆಯ ಶೆಟ್ಟಿ

ನಿನ್ನೆ ನನ್ನ ಕಾದಂಬರಿಯ ಊರಿನಲ್ಲಿ ಗಾಣಿಗರಿಗೂ ಕಂಚುಗಾರರಿಗೂ ಜಗಳ ಹಚ್ಚಿದೆ. ಗುಡಿಯ ನಂದಾದೀಪಕ್ಕೆ ಎಣ್ಣೆ ಇವರದು, ದೀಪ ಎರಕ ಹೊಯ್ದವರು ಅವರು. ಜಾತ್ರೆಯಲ್ಲಿ ಮೊದಲ ಕಾಯಿ ಯಾರದು? ಇಷ್ಟು ಕೇಳಿದ್ದೇ ತಡ, ಎರಡೂ ಪಂಗಡಗಳಿಗೆ ಜೀವ ಬಂತು. ಇಲ್ಲದ ಊರಿಗೆ ಜನರನ್ನು ಕಟ್ಟುವವನಿಗೆ ಇದಕ್ಕಿಂತ ದೊಡ್ಡ ಸುಖವಿಲ್ಲ.

ನಾನು ಯಾವ ಪಂಗಡವನ್ನು ಕಟ್ಟಿದರೂ ಲೆಕ್ಕಪತ್ರದಿಂದಲೇ ಶುರುಮಾಡುತ್ತೇನೆ. ಕಲಿಸಿದ್ದು ಲಕ್ಷ್ಮೇಶ್ವರ, ಅಂದಿನ ಪುಲಿಗೆರೆ. ಚಾಲುಕ್ಯ ಯುವರಾಜ ವಿಕ್ರಮಾದಿತ್ಯ ಸುಮಾರು ಕ್ರಿ.ಶ. 725ರಲ್ಲಿ ಪುಲಿಗೆರೆಯ ಮಹಾಜನರಿಗೆ, ನಗರಕ್ಕೆ, ಹದಿನೆಂಟು ಪ್ರಕೃತಿಗಳಿಗೆ, ಅಂದರೆ ಪ್ರಜೆಗಳ ಪಂಗಡಗಳಿಗೆ, ಆಚಾರವ್ಯವಸ್ಥೆ ಹಾಕಿಕೊಟ್ಟ ಶಾಸನ ಅಲ್ಲಿಯದು. ಮನೆಯ ಅಂತಸ್ತಿಗೆ ತಕ್ಕ ತೆರಿಗೆ, ಕಳವಿಗೆ ದಂಡ, ಮಕ್ಕಳಿಲ್ಲದವರ ಆಸ್ತಿ, ಕಸುಬಿನವರ ಕೂಟವಾದ ಶ್ರೇಣಿಗೆ ಸಲ್ಲುವುದಕ್ಕೆ ಕಾರ್ತಿಕ ಮಾಸ. ಓದುತ್ತಿದ್ದಂತೆ, ಕಾರ್ತಿಕ ಹತ್ತಿರವಾದಾಗ ಯಾವ ಮನೆಯಲ್ಲಿ ನಿದ್ದೆ ಹತ್ತುವುದಿಲ್ಲ ಎಂಬುದೂ ಹೊಳೆಯುತ್ತದೆ.

ಮುಂಡರಗಿ ತಾಲೂಕಿನ ಡಂಬಳದ ಶಾಸನ ಇನ್ನೂ ರುಚಿ. 1095ರ ಸುಮಾರಿನದು. ಹದಿನಾರು ಶೆಟ್ಟಿಗಳು ಸೇರಿ ಬೌದ್ಧ ವಿಹಾರ ಕಟ್ಟಿಸಿದ್ದರು. ತಾರಾದೇವಿಯ ವಿಹಾರ ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಸಂಗವಯ್ಯ ಶೆಟ್ಟಿಯದು. ಹದಿನಾರು ವ್ಯಾಪಾರಿಗಳು ಒಂದೇ ಕೆಲಸಕ್ಕೆ ದುಡ್ಡು ಬಿಚ್ಚಿದರೆಂದರೆ ಯಾರದು ಎಷ್ಟು? ಶಿವನ ಗುಡಿಗಳ ಈ ಸೀಮೆಯಲ್ಲಿ ಬುದ್ಧನಿಗೇ ಯಾಕೆ? ಹದಿನೇಳನೆಯವನು ಒಬ್ಬನಿದ್ದಿರಬೇಕಲ್ಲ, ಅವನೇಕೆ ಕೈ ಎತ್ತಿದ? ಆ ಹದಿನೇಳನೆಯವನನ್ನು ನಾನು ಹುಟ್ಟಿಸಿದ್ದೇನೆ. ಕಾದಂಬರಿಯ ನಾಯಕ ಅವನೇ.

ಈಗಿನ ಕಲ್ಪಿತ ರಾಜ್ಯಗಳ ಕಥೆಗಾರರ ಮೇಲೆ ನನ್ನ ತಕರಾರು ಇಲ್ಲೇ. ಪ್ರತಿ ಪಂಗಡಕ್ಕೊಂದು ಬಣ್ಣದ ರುಮಾಲು, ಒಂದು ಧ್ವಜ, ಒಂದು ಪ್ರಾಣಿ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಸಾಲ ಮಾಡಿದವನಿಲ್ಲ, ದಂಡ ಕಟ್ಟದೆ ಊರು ಬಿಟ್ಟವನಿಲ್ಲ. ಅದನ್ನಾದರೂ ಸಹಿಸಬಹುದು. ನಮ್ಮ ಓಣಿಗಳ ಜಾತಿಯನ್ನೇ ಎತ್ತಿಕೊಂಡು, ಹೆಸರು ಬದಲಿಸಿ, ನೋವನ್ನು ಮಾತ್ರ ಸೋಸಿ ತೆಗೆಯುತ್ತಾರಲ್ಲ, ಅದಕ್ಕೆ ನನ್ನ ಮೈ ಉರಿಯುತ್ತದೆ. ಏಳು ಅಂತಸ್ತಿನ ಸಮಾಜವಂತೆ. ಕೆರೆಯ ಯಾವ ಮೆಟ್ಟಿಲಿಗೆ ಯಾರು ಇಳಿಯುವಂತಿಲ್ಲ ಎಂಬ ಒಂದು ಸಾಲಿಲ್ಲ! ಕೆಳಗಿನವರು ನಗುತ್ತಾ ದುಡಿಯುತ್ತಾರೆ. ಇದು ಕಲ್ಪನೆಯಲ್ಲ, ಸುಳ್ಳು.

ಬೆಟಗೇರಿಯ ನೇಕಾರರ ಮನೆಗೆ ಹೋಗಿ ನೋಡಲಿ. ಕುಣಿಮಗ್ಗದಲ್ಲಿ ಕೂತವನು ನೇಕಾರ. ಗೋಡೆಗೆ ಆತು ಕೂತು ಲಾಳಿಗೆ ಕಂಡಕಿ ಸುತ್ತುವ ಹೆಂಗಸಿನ ಬೆರಳಲ್ಲಿ ಎಳೆ ಉಜ್ಜಿ ಗೆರೆ ಬಿದ್ದಿರುತ್ತದೆ. ಅವಳ ಕೈ ನಿಂತರೆ ಮಗ್ಗವೂ ನಿಂತಿತು. ಅವಳನ್ನು ಯಾವ ಶ್ರೇಣಿಯಲ್ಲಿ ಬರೆಯುವುದು? ನನ್ನ ಊರಿನಲ್ಲಿ ಕಂಡಕಿ ಸುತ್ತುವವರೇ ಈಗ ಬೇರೆ ಶ್ರೇಣಿ ಕೇಳಿದ್ದಾರೆ, ಬೇರೆ ಕೂಲಿಯನ್ನೂ. ಹಿರಿಯರು ಅವರನ್ನು ಹೊರಗಿಟ್ಟು ಪಂಚಾಯ್ತಿ ಕರೆದಿದ್ದಾರೆ. ಇವರು ಅದೇ ದಿನ ರಾಟಿ ಕಟ್ಟಿಟ್ಟು ತೌರಿಗೆ ಹೊರಟಿದ್ದಾರೆ.